ನಾಲ್ಕನೆಯ ಪೀಪಾಯಿಯ ಉಸಿರು

ನಮ್ಮ ಮೋಸೆಲ್ ನದಿಯ ದಂಡೆಯಲ್ಲಿ ಮನೆಯ ಯಜಮಾನ ಸತ್ತರೆ ಮೊದಲು ಪಾದ್ರಿಗೆ ಹೇಳುತ್ತಾರೆ, ಆಮೇಲೆ ವೈನಿಗೆ ಹೇಳುತ್ತಾರೆ. ನೆಂಟರಿಷ್ಟರ ಸರದಿ ಅದರ ನಂತರ. ಮನೆಯವರೊಬ್ಬರು ನೆಲಮಾಳಿಗೆಗೆ ಇಳಿದು, ಒಂದೊಂದು ಪೀಪಾಯಿಯ ಮೇಲೂ ಮೂರು ಸಲ ತಟ್ಟಿ, ನಿಮ್ಮ ಯಜಮಾನ ಹೋದ, ಇನ್ನು ಮೇಲೆ ನಿಮ್ಮ ಯಜಮಾನ ಇಂಥವನು ಎಂದು ಹೆಸರು ಹಿಡಿದು ಹೇಳಬೇಕು. ಹೇಳದೆ ಬಿಟ್ಟರೆ ವೈನ್ ಯಜಮಾನನ ಹಿಂದೆಯೇ ಹೋಗುತ್ತದಂತೆ. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೆ ನಂಬದವರೂ ತಟ್ಟುತ್ತಾರೆ. ಒಂದು ವರ್ಷದ ಬೆವರನ್ನು ಪಣಕ್ಕೊಡ್ಡಿ ಪರೀಕ್ಷೆ ಮಾಡುವ ಧೈರ್ಯ ಯಾರಿಗಿದೆ?

ನಮ್ಮಪ್ಪ ಸೆವೆರಿನ್ ಸತ್ತಿದ್ದು ನಲವತ್ತೊಂಬತ್ತನೇ ಇಸವಿಯ ನವೆಂಬರ್ ಮೊದಲ ವಾರ, ಕೊನೆಯ ಗಾಡಿ ದ್ರಾಕ್ಷಿ ಹಿಂಡಿ ಮುಗಿದ ಮಾರನೆಯ ಬೆಳಿಗ್ಗೆ. ಸಾಯುವುದಕ್ಕೂ ಕೆಲಸ ಮುಗಿಯಲಿ ಎಂದು ಕಾದ ಮನುಷ್ಯ. ಹೆಣಕ್ಕೆ ಒಳ್ಳೆಯ ಕೋಟು ತೊಡಿಸಿ ಮುಗಿಸಿದ ಮೇಲೆ ಅಮ್ಮ ನನ್ನ ಕಡೆ ತಿರುಗಿ, "ಹೋಗು ಟ್ರೌಡ್, ಕೆಳಗೆ ಹೇಳಿ ಬಾ. ವೆಂಡೆಲ್ ಹೆಸರು ಹೇಳು" ಎಂದಳು.

ವೆಂಡೆಲ್ ನನ್ನ ಅಣ್ಣ. ರಷ್ಯಾದ ರಣರಂಗದಲ್ಲಿ ನಲವತ್ತನಾಲ್ಕರ ಬೇಸಿಗೆಯಲ್ಲಿ ಕಾಣೆಯಾದವನು. ಐದು ವರ್ಷದಿಂದ ಒಂದು ಕಾಗದವಿಲ್ಲ, ಕಂಡೆನೆಂದು ಹೇಳಿದವರು ಒಬ್ಬರಿಲ್ಲ. ಆ ಐದು ವರ್ಷವೂ ನಮ್ಮ ಕಡಿದಾದ ಗುಡ್ಡವನ್ನು ಹತ್ತಿದವಳು ನಾನು. ನಮ್ಮದು ಮಣ್ಣಲ್ಲ, ಮಕ್ಕಳು ಬರೆಯುವ ಸ್ಲೇಟಿನ ಕಲ್ಲು. ಮಳೆಗೆ ಜಾರಿ ಕೆಳಗೆ ಬಂದ ಚೂರುಗಳನ್ನು ಪ್ರತಿ ವಸಂತದಲ್ಲೂ ಬುಟ್ಟಿಯಲ್ಲಿ ತುಂಬಿ ಬೆನ್ನ ಮೇಲೆ ಹೊತ್ತು ಮತ್ತೆ ಮೇಲೆ ಸುರಿಯಬೇಕು. ಬಳ್ಳಿ ಕತ್ತರಿಸಿದ್ದು, ಔಷಧಿ ಹೊಡೆದದ್ದು, ನವೆಂಬರಿನ ಚಳಿಯಲ್ಲಿ ಬೆರಳು ಮರಗಟ್ಟುವಂತೆ ಗೊನೆ ಕೊಯ್ದದ್ದು ನಾನು. ಹೆಸರು ಮಾತ್ರ ಅವನದು. ಅಪ್ಪನನ್ನು ಒಮ್ಮೆ ಕೇಳಿದ್ದೆ, ನಿಮ್ಮ ನಂತರ ಇದು ಯಾರದು ಎಂದು. ಪೀಪಾಯಿಗೆ ಗಂಡು ದನಿ ಬೇಕು ಎಂದು ಹೇಳಿ ಬೂಟು ಕಳಚಲು ಕೂತರು.

ಹಾಗಾಗಿ ನಾನು ಕೆಳಗಿಳಿದು ತಟ್ಟಿದೆ. ನಮ್ಮಲ್ಲಿದ್ದದ್ದು ನಾಲ್ಕು ಪೀಪಾಯಿ, ಒಂದೊಂದರಲ್ಲೂ ಸಾವಿರ ಲೀಟರು. ನಾಲ್ಕಕ್ಕೂ ವೆಂಡೆಲ್ ಹೆಸರು ಹೇಳಿದೆ. ಪ್ರತಿ ಸಲವೂ ಬಾಯಿ ಕಹಿಯಾಯಿತು. ಅಣ್ಣ ಬದುಕಿ ಬರಲಿ ಎಂದು ಊರೆಲ್ಲ ಬೇಡಿಕೊಳ್ಳುತ್ತಿದ್ದಾಗ ನಾನು ಬೇಡಿಕೊಂಡದ್ದು ಒಂದೇ, ಅವನು ಸತ್ತ ಸುದ್ದಿ ಖಚಿತವಾಗಿ ಬರಲಿ ಎಂದು. ಇದನ್ನು ಮುಚ್ಚಿಟ್ಟು ಕಥೆ ಹೇಳುವುದರಲ್ಲಿ ಅರ್ಥವಿಲ್ಲ. ಅವನ ಮೇಲೆ ನನಗೆ ದ್ವೇಷವಿರಲಿಲ್ಲ, ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ನದಿ ದಾಟಿಸಿದವನು. ಆದರೆ ಇರುವವನೋ ಇಲ್ಲದವನೋ ತಿಳಿಯದ ಒಬ್ಬನಿಗಾಗಿ ಕಲ್ಲು ಹೊರುವುದು ಇದೆಯಲ್ಲ, ಅದು ಮನುಷ್ಯರನ್ನು ಕೆಟ್ಟವರನ್ನಾಗಿ ಮಾಡುತ್ತದೆ.

ಹಿಂಡಿದ ರಸದಲ್ಲಿರುವ ಸಿಹಿಯನ್ನು ಹುದುಗು ತಿನ್ನುತ್ತಾ ಹೋಗುತ್ತದೆ. ತಿನ್ನುವಷ್ಟು ದಿನ ಪೀಪಾಯಿ ಉಸಿರಾಡುತ್ತದೆ. ಬಾಯಿಗೆ ಸಿಕ್ಕಿಸಿದ ಗಾಜಿನ ಕೊಳವೆಯಲ್ಲಿ ಒಂದಿಷ್ಟು ನೀರಿರುತ್ತದೆ, ಒಳಗಿನ ಗಾಳಿ ಅದರ ಮೂಲಕ ಗುಳುಕ್ ಎಂದು ಹೊರಬರುತ್ತದೆ. ಮೊದಲು ದಬದಬನೆ, ಆಮೇಲೆ ನಿಧಾನವಾಗಿ, ಕೊನೆಗೆ ನಿಲ್ಲುತ್ತದೆ. ನಿಂತಿತೆಂದರೆ ಒಳಗೆ ಸಿಹಿ ಉಳಿದಿಲ್ಲ ಎಂದರ್ಥ. ಅದನ್ನೇ ನಾವು ಒಣ ವೈನ್ ಅನ್ನುವುದು. ಅಪ್ಪನಿಗೆ ನಮ್ಮ ರೀಸ್ಲಿಂಗ್ ದ್ರಾಕ್ಷಿಯ ಒಣ ವೈನ್ ಬಿಟ್ಟರೆ ಬೇರೆಯದು ವೈನೇ ಅಲ್ಲ. ಸಿಹಿ ಉಳಿಸಿದರೆ ಎಂಥ ಪೊಳ್ಳು ದ್ರಾಕ್ಷಿಯೂ ಬಚಾವಾಗುತ್ತದೆ, ಒಣ ವೈನಿನಲ್ಲಿ ಅಡಗಿಕೊಳ್ಳಲು ಜಾಗವಿಲ್ಲ ಎನ್ನುತ್ತಿದ್ದರು. ಬಾಯಿಗೆ ಹಾಕಿಕೊಂಡರೆ ಮೊದಲು ನಾಲಿಗೆಯ ಅಂಚು ಚುರುಕ್ ಎಂದು ನೀರೂರುತ್ತದೆ, ಆಮೇಲೆ ಹಸಿರು ಸೇಬಿನ ಸಿಪ್ಪೆ, ನಿಂಬೆ, ಎಲ್ಲಕ್ಕಿಂತ ಕೊನೆಗೆ ಬಿಸಿಲಿಗೆ ಕಾದ ಸ್ಲೇಟಿನ ಮೇಲೆ ನೀರು ಚಿಮುಕಿಸಿದ ವಾಸನೆ. ಅಭ್ಯಾಸವಿಲ್ಲದವರು ಮುಖ ಕಿವುಚುತ್ತಾರೆ. ಎರಡನೆಯ ಗುಟುಕಿಗೆ ಸುಮ್ಮನಾಗುತ್ತಾರೆ.

ಆ ವರ್ಷ ಮೂರು ಪೀಪಾಯಿಗಳು ಫೆಬ್ರವರಿಯ ಹೊತ್ತಿಗೆ ಉಸಿರು ನಿಲ್ಲಿಸಿದವು. ನಾಲ್ಕನೆಯದು ನಿಲ್ಲಿಸಲಿಲ್ಲ. ನಿಮಿಷಕ್ಕೊಂದು ಸಲ ಗುಳುಕ್. ಮಾರ್ಚ್ ಬಂತು, ಬಳ್ಳಿ ಕಟ್ಟುವ ಕೆಲಸ ಶುರುವಾಯಿತು, ಆಗಲೂ ಗುಳುಕ್. ಅಪ್ಪನ ಗೆಳೆಯ ಯೋಡೋಕ್ ಮಾಮನನ್ನು ಕರೆಸಿದೆ. ನಮ್ಮೂರಿನ ಪೀಪಾಯಿಗಳನ್ನೆಲ್ಲ ಕಟ್ಟಿದವನು ಅವನೇ. ಕೊಳವೆ ಇಳಿಬಿಟ್ಟು ಒಂದು ಗ್ಲಾಸು ತೆಗೆದ, ಬಾಯಲ್ಲಿ ಆಡಿಸಿದ, ಇನ್ನೊಂದು ಗುಟುಕು ಕುಡಿದ.

"ಒಂದು ಚೂರೂ ಸಿಹಿ ಇಲ್ಲ ಕಣೇ ಟ್ರೌಡ್. ನಿಮ್ಮಪ್ಪನ ಬಾಯಿ ಥರಾನೇ ಖಡಕ್ಕಾಗಿದೆ."

"ಹಾಗಿದ್ರೆ ಏನನ್ನ ತಿಂದ್ಕೊಂಡು ಉಸಿರಾಡ್ತಿದೆ ಮಾಮ?"

"ಅದನ್ನ ನನ್ನ ಕೇಳ್ಬೇಡ. ನಾನು ಹೊರಗಿನ ಹಲಗೆ ಜೋಡಿಸೋನು. ಒಳಗೆ ಯಾರಿದಾರೆ ಅಂತ ನೋಡೋಕೆ ಹೋಗೋನಲ್ಲ."

ತಮಾಷೆಗೆ ಹೇಳಿದ್ದೇನೋ ಹೌದು, ಆದರೆ ಮೆಟ್ಟಿಲು ಹತ್ತುವಾಗ ಎದೆಯ ಮೇಲೆ ಶಿಲುಬೆ ಎಳೆದುಕೊಂಡದ್ದನ್ನು ನಾನು ನೋಡಿದೆ. ವಾರದೊಳಗೆ ಸುದ್ದಿ ಊರೆಲ್ಲ ಹರಡಿತು. ಬೇಕರಿಯಲ್ಲಿ ನನ್ನನ್ನು ಕಂಡವರು, ನಿಮ್ಮ ವೆಂಡೆಲ್ ಕೆಳಗೆ ಇನ್ನೂ ಗೊರಕೆ ಹೊಡೀತಿದ್ದಾನಾ ಎಂದು ಕೇಳುವುದು ಶುರುವಾಯಿತು. ನಗುತ್ತಾ ಕೇಳಿದವರೇ ಭಾನುವಾರ ಪೂಜೆ ಮುಗಿಸಿಕೊಂಡು ಬಂದು, ಸ್ವಲ್ಪ ನೋಡಬಹುದಾ ಎಂದು ಮೆಲ್ಲಗೆ ನೆಲಮಾಳಿಗೆಗೆ ಇಳಿದು, ಟೋಪಿ ತೆಗೆದು ನಿಂತು ಹೋದರು. ಮಗ, ಗಂಡ ಕಾಣೆಯಾದ ಮನೆಗಳು ನಮ್ಮೂರಲ್ಲಿ ಇನ್ನೂ ಹನ್ನೊಂದಿದ್ದವು. ಅವರ ಪೀಪಾಯಿಗಳೆಲ್ಲ ಸುಮ್ಮನಾಗಿದ್ದವು. ಅವರು ನಮ್ಮಮ್ಮನನ್ನು ನೋಡುತ್ತಿದ್ದ ನೋಟದಲ್ಲಿ ಹೊಟ್ಟೆಕಿಚ್ಚಿತ್ತು.

ಅಮ್ಮ ಬೆಳಗಿನ ಕೆಲಸ ಮುಗಿಸಿ, ಹೆಣಿಗೆಯ ಬುಟ್ಟಿ ಹಿಡಿದು ಕೆಳಗೆ ಹೋಗಿ, ನಾಲ್ಕನೆಯ ಪೀಪಾಯಿಯ ಪಕ್ಕ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಕಾಲುಚೀಲ ಹೆಣೆಯುತ್ತಿದ್ದಳು, ಗಂಡಸಿನ ಅಳತೆಯದು.

ನನಗೂ ಅದು ಅಂಟಿಕೊಂಡಿತು. ಗುಡ್ಡದ ಮೇಲೆ ಬಳ್ಳಿಗೆ ಆಸರೆಯ ಕಡ್ಡಿ ನೆಡುವಾಗಲೂ ಕಿವಿಯಲ್ಲಿ ಗುಳುಕ್. ಊಟಕ್ಕೆ ಕೂತಾಗ ಚಮಚ ಎತ್ತಿ ಮುಂದಿನದಕ್ಕಾಗಿ ಕಾಯುತ್ತಿದ್ದೆ. ಒಂದು ಮಧ್ಯಾಹ್ನ ಅಮ್ಮ ಇಲ್ಲದಾಗ ಕೆಳಗಿಳಿದು, ಪೀಪಾಯಿಯ ಮುಂದೆ ನಿಂತು, "ಅಣ್ಣಾ, ಇದ್ದೀಯೇನೋ?" ಎಂದು ಕೇಳಿದೆ. ಕೇಳಿದ ಮೇಲೆ ನಾಚಿಕೆಯಾಯಿತು, ಇಪ್ಪತ್ತೊಂಬತ್ತು ವರ್ಷದ ಹೆಂಗಸು ಮರದ ಹಲಗೆಯನ್ನು ಮಾತಾಡಿಸುವುದೇ ಎಂದು. ಆಗ ಕೊಳವೆಯ ನೀರು ಮೆಲ್ಲಗೆ ಮೇಲೆದ್ದು ಗುಳುಕ್ ಎಂದಿತು. ಮೆಟ್ಟಿಲನ್ನು ನಾನು ಹೇಗೆ ಹತ್ತಿದೆನೋ ನನಗೇ ಗೊತ್ತಿಲ್ಲ. ಮೇಲೆ ಬಂದು ಬಿಸಿಲಲ್ಲಿ ನಿಂತೆ. ಭಯವೇನೋ ಇತ್ತು. ಅದರ ಜೊತೆ ಸಿಟ್ಟೂ ಇತ್ತು. ಸಾಯದೆ ಹಟ ಹಿಡಿದು ಕೂತಿದ್ದಾನೆ ಎನ್ನುವ ಸಿಟ್ಟು.

ಈಸ್ಟರ್ ಕಳೆದ ಮೊದಲ ಸೋಮವಾರ ನೆಲಮಾಳಿಗೆಯ ಮೆಟ್ಟಿಲ ಮೇಲೆ ಇರುವೆ ಸಾಲು ಕಂಡೆ. ನಮ್ಮ ನೆಲಮಾಳಿಗೆಯಲ್ಲಿ ಇರುವೆಗೇನು ಕೆಲಸ? ಬಗ್ಗಿ ಹಿಂಬಾಲಿಸಿದೆ. ಮೇಲಿನ ಮೆಟ್ಟಿಲಲ್ಲಿ ಅಂಟಂಟಾಗಿ ಒಣಗಿದ ಒಂದು ಹನಿ, ಕೆಳಗಿನದರಲ್ಲಿ ಇನ್ನೊಂದು. ನಾಲ್ಕನೆಯ ಪೀಪಾಯಿಯ ಹಿಂದೆ, ಗೋಡೆಯ ಗೂಡಿನಲ್ಲಿ, ನಮ್ಮ ಹಾಲಿನ ಚಿಕ್ಕ ಹೂಜಿ ಇತ್ತು. ತಳದಲ್ಲಿ ಸಕ್ಕರೆ ಪಾಕ.

ಎಲ್ಲ ಒಟ್ಟಿಗೇ ತಿಳಿಯಿತು. ಕ್ರಿಸ್‌ಮಸ್ಸಿನಿಂದ ಅಮ್ಮ ಕಾಫಿಗೆ ಸಕ್ಕರೆ ಹಾಕಿಕೊಂಡಿರಲಿಲ್ಲ, ಹಲ್ಲು ನೋವು ಎಂದಿದ್ದಳು. ಆಗಿನ್ನೂ ಸಕ್ಕರೆ ರೇಷನ್ ಚೀಟಿಗೇ ಸಿಗುತ್ತಿದ್ದದ್ದು. ತನ್ನ ಪಾಲನ್ನು, ಬಹುಶಃ ನನ್ನದರಲ್ಲೂ ಒಂದಿಷ್ಟನ್ನು, ಬಿಸಿನೀರಿನಲ್ಲಿ ಕರಗಿಸಿ ವಾರವಾರವೂ ಪೀಪಾಯಿಗೆ ಉಣಿಸುತ್ತಿದ್ದಳು. ಹುದುಗು ಅಷ್ಟನ್ನೂ ತಿಂದುಬಿಡುತ್ತಿತ್ತು. ಅದಕ್ಕೇ ವೈನ್ ಒಣ, ಅದಕ್ಕೇ ಉಸಿರು. ಸಾವಿರ ಲೀಟರಿಗೆ ಒಂದು ಲೋಟ ಪಾಕ ಎಂದರೆ ಯಾರ ನಾಲಿಗೆಗೂ ಸಿಗದು.

ಪಾಪ ಅನ್ನಿಸಬೇಕಾಗಿತ್ತು. ನನಗೆ ಮೈ ಉರಿಯಿತು. ನನ್ನ ವೈನು, ನಾನು ಕೊಯ್ದದ್ದು, ತಳದ ಗಷ್ಟಿನಿಂದ ಬೇರೆ ಮಾಡುವ ಕಾಲ ಮೀರುತ್ತಿದೆ, ಬೇಸಿಗೆ ಬಂದರೆ ಇಡೀ ಪೀಪಾಯಿ ಚೆಲ್ಲಬೇಕಾದೀತು, ಇವಳು ಅದನ್ನು ತೊಟ್ಟಿಲು ಮಾಡಿಕೊಂಡು ಕೂತಿದ್ದಾಳೆ! ಹೀಗೆ ನನಗೆ ನಾನೇ ಹೇಳಿಕೊಂಡೆ. ನಿಜವಾದ ಕಾರಣ ಇಷ್ಟು ಉದ್ದವಿರಲಿಲ್ಲ. ಆ ಸದ್ದು ನಿಲ್ಲುವವರೆಗೂ ಈ ಮನೆಯಲ್ಲಿ ನಾನು ಆಳು. ಹೂಜಿ ತೊಳೆದು ಅಡಿಗೆಮನೆಯಲ್ಲಿಟ್ಟೆ, ನೆಲಮಾಳಿಗೆಗೆ ಬೀಗ ಹಾಕಿ ಕೀಲಿಯನ್ನು ಜೇಬಿಗೆ ಹಾಕಿಕೊಂಡೆ.

ಮಾರನೆಯ ದಿನ ಅಮ್ಮ ಹೆಣಿಗೆ ಬುಟ್ಟಿ ಹಿಡಿದು ಬಂದು ಬಾಗಿಲ ಹಿಡಿಯನ್ನು ಎರಡು ಸಲ ಎಳೆದಳು. ನಾನು ಅಂಗಳದಲ್ಲಿ ಕಡ್ಡಿ ಚೂಪು ಮಾಡುತ್ತಿದ್ದೆ. ತಿರುಗಿ ನೋಡಿದಳು.

"ನಾಲ್ಕನೇದು ಮಲಗ್ಲಿ ಬಿಡಮ್ಮ," ಎಂದೆ. "ಸಾಕು."

"ಮಲಗ್ಸೋದು ಸುಲಭ ಕಣೇ," ಎಂದಳು ಅಮ್ಮ. "ಆಮೇಲೆ ಎಬ್ಬಿಸೋರು ಯಾರು?"

ಅಷ್ಟೇ. ಕೀಲಿ ಕೇಳಲಿಲ್ಲ, ಕೂಗಾಡಲಿಲ್ಲ. ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಕೂತು, ಹಲಗೆಗೆ ಕಿವಿ ಆನಿಸಿಕೊಂಡು ಹೆಣೆಯತೊಡಗಿದಳು. ದಿನಾ ಹಾಗೇ ಕೂರುತ್ತಿದ್ದಳು. ದಪ್ಪ ಓಕ್ ಬಾಗಿಲು, ಒಳಗಿನ ಸದ್ದು ಕೇಳುವ ಮಾತೇ ಇಲ್ಲ. ಆದರೂ ನಾನು ದಿನಕ್ಕೊಮ್ಮೆ ಬೀಗ ತೆಗೆದು ಒಳಗೆ ಹೋದಾಗ ನನ್ನ ಮುಖವನ್ನೇ ನೋಡುತ್ತಿದ್ದಳು. ನಿಮಿಷಕ್ಕೊಂದು ಇದ್ದದ್ದು ಐದು ನಿಮಿಷಕ್ಕೊಂದಾಯಿತು, ಆಮೇಲೆ ಕಾಲು ಗಂಟೆಗೊಂದು. ಒಂಬತ್ತನೆಯ ದಿನ, ಬುಧವಾರ, ಒಂದು ಗಂಟೆ ಹೊತ್ತು ಮೇಣದ ಬತ್ತಿ ಹಿಡಿದು ಕೂತೆ. ಕೊಳವೆಯ ನೀರು ಅಲುಗಲಿಲ್ಲ. ಹೊರಗೆ ಬಂದಾಗ ಅಮ್ಮ ಬುಟ್ಟಿ ಎತ್ತಿಕೊಂಡು ಮನೆಯೊಳಗೆ ಹೊರಟಿದ್ದಳು. ನಾನು ಹೇಳಲೇ ಇಲ್ಲ. ಅವತ್ತಿನಿಂದ ಅವಳು ಹೆಣೆಯುವುದನ್ನು ಬಿಟ್ಟಳು, ನನ್ನ ಜೊತೆ ಅಗತ್ಯಕ್ಕಿಂತ ಹೆಚ್ಚು ಮಾತಾಡುವುದನ್ನೂ ಬಿಟ್ಟಳು.

ಸದ್ದಿಲ್ಲದ ನೆಲಮಾಳಿಗೆ ನಾನು ಅಂದುಕೊಂಡಷ್ಟು ಹಾಯಾಗಿರಲಿಲ್ಲ. ಕಿವಿ ಕಾಯುವುದನ್ನು ಬಿಡಲಿಲ್ಲ. ಆದರೆ ವೈನ್ ತಿಳಿಯಾಯಿತು, ಗಷ್ಟಿನಿಂದ ಬೇರೆ ಮಾಡಿದೆ, ರುಚಿ ನೋಡಿದಾಗ ಅಪ್ಪನಿಗೂ ಇಂಥದ್ದು ಒಂದೋ ಎರಡೋ ಸಲ ಬಂದಿರಬಹುದು ಅನ್ನಿಸಿತು. ಹೆಮ್ಮೆಪಟ್ಟೆ. ಇನ್ನೇನು, ಊರಿನ ಕಚೇರಿಗೆ ಹೋಗಿ ವೆಂಡೆಲ್ ತೀರಿಕೊಂಡನೆಂದು ಘೋಷಿಸುವ ಅರ್ಜಿ ಹಾಕುವಂತೆ ಅಮ್ಮನನ್ನು ಒಪ್ಪಿಸಬೇಕು ಎಂದುಕೊಂಡೆ.

ಮೇ ತಿಂಗಳ ಕೊನೆಯಲ್ಲಿ ಒಬ್ಬ ಅಪರಿಚಿತ ಬಂದ. ಅಮ್ಮ ಮೇರಿ ಮಾತೆಯ ಪ್ರಾರ್ಥನೆಗೆ ಇಗರ್ಜಿಗೆ ಹೋಗಿದ್ದಳು. ಬೇಲಿಯ ಹತ್ತಿರ ನಿಂತಿದ್ದ ಮನುಷ್ಯ ತನ್ನದಲ್ಲದ ಕೋಟು ತೊಟ್ಟಿದ್ದ, ಕೋಟಿನೊಳಗೆ ಅರ್ಧ ಮನುಷ್ಯನಷ್ಟೂ ಇರಲಿಲ್ಲ. ಹೆಸರು ಕ್ಲೆಮೆನ್ಸ್, ಊರು ಐಫೆಲ್ ಬೆಟ್ಟದ ಕಡೆ, ರಷ್ಯಾದ ಸೆರೆಯಿಂದ ಬಿಟ್ಟು ಹನ್ನೆರಡು ದಿನವಾಯಿತು ಎಂದ. ಸೆವೆರಿನ್ ಅವರ ಮನೆ ಇದೇನಾ, ನೀವು ಟ್ರೌಡಾ ಎಂದು ಕೇಳಿದ. ನನ್ನ ಹೆಸರು ಅವನ ಬಾಯಲ್ಲಿ ಕೇಳಿದ ಕೂಡಲೇ ವೆಂಡೆಲ್ ಇನ್ನಿಲ್ಲವೆಂದು ನನಗೆ ಗೊತ್ತಾಯಿತು.

ಅಡಿಗೆಮನೆಯಲ್ಲಿ ಕೂರಿಸಿ ಬ್ರೆಡ್ಡು, ಹಂದಿಮಾಂಸ ಇಟ್ಟೆ. ಮುಟ್ಟಲಿಲ್ಲ. ವೈನ್ ಸಿಗುತ್ತಾ ಎಂದು ಸಂಕೋಚದಿಂದ ಕೇಳಿದ. ನಾಲ್ಕನೆಯದರಿಂದ ಒಂದು ಗ್ಲಾಸು ತಂದುಕೊಟ್ಟೆ. ಮೂಸಿದ, ಕುಡಿದ, ಮುಖ ಕಿವುಚಿದ, ಕಣ್ಣು ಮುಚ್ಚಿಕೊಂಡ.

"ಅವನು ಹೇಳಿದ ಹಾಗೇ ಇದೆ," ಎಂದ. "ಹೊಟ್ಟೆ ಹಸಿದಾಗ ನಾವೆಲ್ಲ ಮಾಂಸ, ಗೆಡ್ಡೆ ಅಂತ ಮಾತಾಡ್ತಿದ್ವಿ. ಅವನು ಮಾತ್ರ ಇದನ್ನ ಹೇಳೋನು. ಮೊದಲು ನಾಲಿಗೆ ಅಂಚು, ಆಮೇಲೆ ಹಸಿರು ಸೇಬು, ಕೊನೆಗೆ ಒದ್ದೆ ಕಲ್ಲು. ನಾನು ವೈನ್ ಕುಡಿಯೋ ಊರಿನವನಲ್ಲ ಅಕ್ಕ. ಆದ್ರೂ ಐದು ವರ್ಷ ದಿನಾ ಕುಡಿದಿದೀನಿ."

"ಐದು ವರ್ಷವಾ?" ಎಂದೆ.

ಹೌದು ಎಂದ. ಅವರಿದ್ದ ಕ್ಯಾಂಪಿನಿಂದ ಕಾಗದ ಬರೆಯಲು ಬಿಡುತ್ತಿರಲಿಲ್ಲವಂತೆ. ಕಲ್ಲಿದ್ದಲ ಗಣಿ. ವೆಂಡೆಲ್ ಗಟ್ಟಿಗ, ಚಳಿಗಾಲಗಳನ್ನೆಲ್ಲ ದಾಟಿದ್ದ, ಬಿಡುಗಡೆಯ ಪಟ್ಟಿಯಲ್ಲಿ ಅವನ ಹೆಸರೂ ಬಂದಿತ್ತು. ಊರಿಗೆ ಹೋದ ಕೂಡಲೇ ಗುಡ್ಡವನ್ನು ತಂಗಿಯ ಹೆಸರಿಗೆ ಮಾಡುತ್ತೇನೆ, ಅಷ್ಟು ವರ್ಷ ಹೊತ್ತವಳು ಅವಳು, ನನಗೆ ಒಂದು ಕುರ್ಚಿ ಒಂದು ಗ್ಲಾಸು ಸಾಕು ಎನ್ನುತ್ತಿದ್ದನಂತೆ. ಯಾವಾಗ ಹೋದ ಎಂದು ಕೇಳಿದೆ.

"ಈಸ್ಟರ್ ಆದ ಮೇಲೆ," ಎಂದ ಕ್ಲೆಮೆನ್ಸ್. "ನಮ್ಮಲ್ಲೊಬ್ಬ ಪಾದ್ರಿ ಇದ್ದ, ದಿನಗಳನ್ನ ಗುರುತು ಇಟ್ಕೊಂಡಿದ್ದ. ಮಾರನೇ ಸೋಮವಾರ ಉಸಿರು ಕಟ್ಟೋಕೆ ಶುರುವಾಯ್ತು. ಜ್ವರ ಇಲ್ಲ, ಏಟಿಲ್ಲ, ಉಸಿರು ಮಾತ್ರ ಕಮ್ಮಿ ಆಗ್ತಾ ಬಂತು. ಮುಂದಿನ ವಾರ ಬುಧವಾರ ಹೋದ. ನೋವೇನೂ ಪಡ್ಲಿಲ್ಲ. ನಿಂತೋಯ್ತು, ಅಷ್ಟೇ."

ಸಕ್ಕರೆ ಸಕ್ಕರೆಯೇ, ಹುದುಗು ಹುದುಗೇ. ನನಗೆ ಅದು ಆಗಲೂ ಗೊತ್ತಿತ್ತು, ಈಗಲೂ ಗೊತ್ತು. ಎರಡು ಸಾವಿರ ಮೈಲಿ ದೂರದ ಗಣಿಯಲ್ಲಿ ಶ್ವಾಸಕೋಶಕ್ಕೆ ಕಲ್ಲಿದ್ದಲ ದೂಳು ತುಂಬಿದ ಮನುಷ್ಯನಿಗೂ ನನ್ನ ಜೇಬಿನ ಕೀಲಿಗೂ ಸಂಬಂಧವಿಲ್ಲ. ಇದನ್ನು ನಾನು ಎಷ್ಟು ಸಾವಿರ ಸಲ ಹೇಳಿಕೊಂಡಿದ್ದೇನೋ. ಹೇಳಿಕೊಳ್ಳಬೇಕಾಗಿ ಬರುವುದು ಇನ್ನೂ ನಿಂತಿಲ್ಲ.

ಸಂಜೆಯ ರೈಲು ಹಿಡಿಯಬೇಕೆಂದು ಅವನು ಬೇಗ ಎದ್ದ. ಅವನನ್ನು ಬಾಗಿಲ ತನಕ ಬಿಟ್ಟು ಬಂದು ನಾನು ಗ್ಲಾಸು ತೊಳೆಯುತ್ತಿದ್ದಾಗ ಅಮ್ಮ ಬಂದಳು. ಕಪ್ಪು ಶಾಲನ್ನೂ ತೆಗೆಯದೆ ನಿಂತಳು. ದಾರಿಯಲ್ಲಿ ಯಾರೋ ಹೇಳಿರಬೇಕು. ನಮ್ಮೂರಲ್ಲಿ ಅಪರಿಚಿತನೊಬ್ಬ ಬೇಲಿ ಮುಟ್ಟಿದರೆ ಇಗರ್ಜಿಯ ಕೊನೆಯ ಬೆಂಚಿಗೂ ತಿಳಿಯುತ್ತದೆ.

"ಸೆರೆಯಿಂದ ಬಂದೋನಂತೆ," ಎಂದಳು.

ಹೌದು ಎಂದೆ. ವೆಂಡೆಲ್ ಇಲ್ಲ ಎಂದೆ. ಅಮ್ಮ ತಲೆಯಾಡಿಸಿದಳು, ಅದು ಅವಳಿಗೆ ಹೊಸದಲ್ಲ ಎನ್ನುವ ಹಾಗೆ. ಕುರ್ಚಿ ಎಳೆದುಕೊಂಡು ಕೂತಳು. ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಾ ಕೇಳಿದಳು: "ಯಾವಾಗ?"

ಈ ಒಂದು ಮಾತಿಗಾಗಿಯೇ ಅವಳು ತಿಂಗಳಿಂದ ಬಾಯಿ ಮುಚ್ಚಿಕೊಂಡಿದ್ದಳು ಎಂದು ನನಗೆ ಆಗ ತಿಳಿಯಿತು.

"ನಲವತ್ತನಾಲ್ಕರಲ್ಲೇ," ಎಂದೆ. "ಸಿಕ್ಕಿಬಿದ್ದ ವಾರದಲ್ಲೇ ಅಂತೆ. ಗುಂಡೇಟಿಗೆ."

ಅಮ್ಮ ಲೆಕ್ಕ ಹಾಕುತ್ತಿದ್ದಳು, ತುಟಿ ಅಲುಗುತ್ತಿತ್ತು. ಆಮೇಲೆ ಅವಳ ಭುಜಗಳು ಕೆಳಗಿಳಿದವು.

"ಹಾಗಾದ್ರೆ ನಾನು ಸಕ್ಕರೆ ಹಾಕಿದ್ದೆಲ್ಲ ಸುಮ್ನೆ."

"ಸುಮ್ನೆ ಅಮ್ಮ."

"ನಿನ್ನ ಮೇಲೆ ವಿಷ ಕಾರ್ತಿದ್ದೆ ಕಣೇ ಒಳಗೊಳಗೇ. ನೀನು ಕೀಲಿ ತಗೊಂಡೆಯಲ್ಲ, ಅವನನ್ನ ನೀನೇ ಮುಗಿಸ್ದೆ ಅಂದ್ಕೊಂಡಿದ್ದೆ. ದಿನಾ ಪ್ರಾರ್ಥನೆಯಲ್ಲೂ ಅದನ್ನೇ ಅಂದ್ಕೊಂಡೆ." ಎದ್ದು ಬಂದು ಒದ್ದೆಯಾಗಿದ್ದ ನನ್ನ ಕೈ ಹಿಡಿದುಕೊಂಡಳು. "ತಪ್ಪಾಯ್ತು ಮಗಾ. ಮನಸಲ್ಲಿ ಇಟ್ಕೋಬೇಡ."

ಇಟ್ಟುಕೊಳ್ಳುವುದಿಲ್ಲ ಎಂದೆ.

ಅವಳೇ ನನ್ನನ್ನು ಎಳೆದುಕೊಂಡು ಕೆಳಗೆ ಕರೆದೊಯ್ದಳು. ಸತ್ತವನ ಹೆಸರನ್ನು ವೈನಿಗೆ ಹೇಳಿಸಿಬಿಟ್ಟೆ, ನನ್ನ ತಪ್ಪು, ನಾನೇ ಸರಿಮಾಡುತ್ತೇನೆ ಎಂದಳು. ಒಂದೊಂದನ್ನೂ ಮೂರು ಸಲ ತಟ್ಟುತ್ತಾ ಬಂದಳು. ನಾಲ್ಕನೆಯದರ ಮುಂದೆ ನಿಂತು, ನಿಮ್ಮ ಯಜಮಾನ ವೆಂಡೆಲ್ ನಲವತ್ತನಾಲ್ಕರ ಬೇಸಿಗೆಯಲ್ಲಿ ಹೋದ, ಇನ್ನು ಮೇಲೆ ನಿಮ್ಮ ಯಜಮಾನಿ ಟ್ರೌಡ್ ಎಂದು ಗಟ್ಟಿಯಾಗಿ ಹೇಳಿದಳು. ನನಗೆ ಬೇಕಾಗಿದ್ದ ಮಾತು ಅದೇ. ನಾನು ಅವಳ ಪಕ್ಕದಲ್ಲೇ ನಿಂತಿದ್ದೆ, ತಾರೀಕನ್ನು ತಿದ್ದಲಿಲ್ಲ.